ಹದಿನೆಂಟಕ್ಕೆ ಎರಡು ವರ್ಷ ಮೊದಲೇ: ಮನಸ್ಸಿನ ಕಾಯಿಲೆ ಇರುವ ಮಕ್ಕಳನ್ನು ದೊಡ್ಡವರ ಬದುಕಿಗೆ ದಾಟಿಸುವುದು ಹೇಗೆ

ತಮ್ಮನ ಮಗನಿಗೆ 18 ತುಂಬಿ ಮೂರು ವಾರ ಆಗಿತ್ತು. ತಿಂಗಳ ಮಾಮೂಲಿ ತಪಾಸಣೆಗೆ ಸಕಲೇಶಪುರದಿಂದ ಹಾಸನಕ್ಕೆ ಕರೆದುಕೊಂಡು ಬಂದಿದ್ದರು. ನಾನು ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋಗಿದ್ದೆ. ಹೆಸರು ಕೂಗಿದಾಗ ಎಂದಿನಂತೆ ಮೂವರೂ ಎದ್ದೆವು. ಡಾಕ್ಟರು ಹುಡುಗನನ್ನು ಮಾತ್ರ ಒಳಗೆ ಕರೆದು, "ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ, ಆಮೇಲೆ ಕರೀತೀನಿ" ಅಂದರು. ನಾಲ್ಕು ವರ್ಷ ಅವನ ಪರವಾಗಿ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟಿದ್ದ ತಾಯಿ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಒಳಗೆ ಏನಾಯಿತು ಅನ್ನುವುದನ್ನು ಹುಡುಗನೇ ಬಸ್ಸಿನಲ್ಲಿ ಹೇಳಿದ: "ಯಾವ್ಯಾವ ಮಾತ್ರೆ ತಗೊಳ್ತಿದ್ದೀಯ ಅಂತ ಕೇಳಿದ್ರು ಅತ್ತೆ. ಬಿಳೀದೊಂದು, ರೋಸ್ ಬಣ್ಣದ್ದೊಂದು ಅಂದೆ. ಹೆಸರು ಗೊತ್ತಿರ್ಲಿಲ್ಲ."

ಡಾಕ್ಟರದ್ದು ತಪ್ಪಲ್ಲ, ಕಾನೂನು ಹೇಳುವುದೂ ಅದನ್ನೇ. ತಪ್ಪು ನಮ್ಮದು. ನಾಲ್ಕು ವರ್ಷ ಮಾತ್ರೆಯನ್ನು ಅವನ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದು ಎದುರು ನಿಂತಿದ್ದೆವೇ ಹೊರತು, ಅದು ಏನು, ಯಾಕೆ ಅಂತ ಒಂದು ದಿನವೂ ಹೇಳಿರಲಿಲ್ಲ. ಹುಟ್ಟಿದ ಹಬ್ಬದ ಮಾರನೇ ದಿನ ಕಾಗದದ ಮೇಲೆ ಅವನು ದೊಡ್ಡವನಾಗಿದ್ದ. ಮನೆಯಲ್ಲಿ ಯಾರೂ ಅವನನ್ನು ಅದಕ್ಕೆ ಸಿದ್ಧ ಮಾಡಿರಲಿಲ್ಲ.

ಖಿನ್ನತೆ, ಬೈಪೋಲಾರ್ (ಒಮ್ಮೆ ಅತಿ ಹುಮ್ಮಸ್ಸು, ಒಮ್ಮೆ ಅತಿ ಕುಗ್ಗುವುದು), ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವುದು, ಭ್ರಮೆ, ಸಂಶಯ), ಓಸಿಡಿ (ಒಂದೇ ಯೋಚನೆ, ಒಂದೇ ಕೆಲಸ ಬಿಡದೆ ಕಾಡುವ ಗೀಳು), ಕೈ ಕೊಯ್ದುಕೊಳ್ಳುವಷ್ಟು ತೀವ್ರವಾದ ಭಾವನೆಗಳ ಏರುಪೇರು, ಇಂಥದ್ದೇನಾದರೂ ಇರುವ 15ರಿಂದ 25 ವಯಸ್ಸಿನ ಮಕ್ಕಳ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನಸ್ಸಿನ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಭಾಗ 24ರೊಳಗೆ ಶುರುವಾಗುತ್ತವೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಕೆಲಸ, ಮದುವೆ ಎಲ್ಲ ಒಂದರ ಹಿಂದೊಂದು ಬಂದು ಬೀಳುವ ಹೊತ್ತೂ ಅದೇ. ನಾನು ಡಾಕ್ಟರಲ್ಲ, ಪಿಯು ಕಾಲೇಜಿನಲ್ಲಿ ಪಾಠ ಹೇಳುವವಳು. ಮಾತ್ರೆಯ ಪ್ರಮಾಣ ಹೆಚ್ಚುಕಡಿಮೆ ಮಾಡುವ ವಿಷಯ ಡಾಕ್ಟರಿಗೇ ಬಿಟ್ಟದ್ದು. ಅದರ ಸುತ್ತ ಮನೆಯವರು ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ಓದುತ್ತಿರುವ ಈ ಹೊತ್ತಿನಲ್ಲೇ ನಿಮ್ಮ ಮನೆಯ ಮಗು ಅಪಾಯದಲ್ಲಿದೆ ಅನ್ನಿಸುತ್ತಿದ್ದರೆ ಮುಂದೆ ಓದಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಪ್ರಾಣಕ್ಕೆ ತೊಂದರೆ ಅನ್ನಿಸಿದರೆ 108 ಅಥವಾ 112.

ಹದಿನಾರಕ್ಕೇ ಶುರು ಮಾಡಿ

18 ತುಂಬಲಿ, ಆಮೇಲೆ ನೋಡೋಣ ಅಂದುಕೊಂಡರೆ ತಡವಾಗುತ್ತದೆ. ನನ್ನ ತಮ್ಮ ಕಾಫಿ ಬೆಳೆಗಾರ, ಸಣ್ಣ ತೋಟ. ಹುಡುಗನನ್ನು ಅವನ ಪಾಡಿಗೆ ಬಿಡಬೇಕು ಅಂತ ನಾನು ಜೋರಾಗಿ ವಾದ ಮಾಡಿದಾಗ ಅವನು ಹೇಳಿದ್ದು ಇಷ್ಟು: "ನರ್ಸರಿ ಗಿಡಕ್ಕೆ ಹಾಕಿರೋ ಚಪ್ಪರಾನ ಒಂದೇ ದಿನ ಕಿತ್ತು ಹಾಕಿದ್ರೆ ಎಲೆ ಸುಟ್ಟು ಹೋಗುತ್ತೆ ಅಕ್ಕ. ಇವತ್ತೊಂದಿಷ್ಟು ಸೊಪ್ಪು, ಹದಿನೈದು ದಿನ ಬಿಟ್ಟು ಇನ್ನೊಂದಿಷ್ಟು ತೆಗೀಬೇಕು." ಆಮೇಲೆ ನಾವು ಮಾಡಿದ್ದೆಲ್ಲ ಆ ಲೆಕ್ಕದಲ್ಲೇ.

ಮೊದಲು ಕಾಯಿಲೆಯ ಹೆಸರು ಅವನಿಗೆ ಗೊತ್ತಾಗಬೇಕು. "ಸ್ವಲ್ಪ ಟೆನ್ಷನ್", "ನರದ ವೀಕ್‌ನೆಸ್" ಅಂತ ಹೇಳಿ ದಾಟಿಸಿದ ಮನೆಗಳಲ್ಲಿ ಮಕ್ಕಳು ಚೀಟಿಯ ಮೇಲಿನ ಇಂಗ್ಲಿಷ್ ಪದವನ್ನು ಮೊಬೈಲಿನಲ್ಲಿ ಹುಡುಕಿ, ಅಲ್ಲಿ ಕಂಡ ಅತಿ ಕೆಟ್ಟ ಕಥೆಯನ್ನೇ ತಮ್ಮದೆಂದು ನಂಬುತ್ತಾರೆ. ಅದಕ್ಕಿಂತ ಡಾಕ್ಟರ ಬಾಯಿಂದಲೇ, ನಿಮ್ಮ ಎದುರಿಗೇ ಕೇಳಲಿ. ಮುಂದಿನ ಸಲ ಹೋದಾಗ ನೀವೇ ಕೇಳಿ: "ಸಾರ್, ಇವನಿಗೇ ಅರ್ಥ ಆಗೋ ಹಾಗೆ ಒಂದೈದು ನಿಮಿಷ ಹೇಳ್ತೀರಾ?" ಓಪಿಡಿಯಲ್ಲಿ ಜನ ಹೆಚ್ಚಿರುತ್ತಾರೆ, ಐದು ನಿಮಿಷ ಸಿಗದೆಯೂ ಹೋಗಬಹುದು. ಅಲ್ಲಿನ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಕೇಳಿದರೆ ಅವರೂ ಹೇಳುತ್ತಾರೆ.

ಆಮೇಲಿನ ಭೇಟಿಗಳಲ್ಲಿ ಮೊದಲ ಹತ್ತು ನಿಮಿಷ ಅವನೊಬ್ಬನೇ ಒಳಗೆ ಇರಲಿ, ಕೊನೆಗೆ ನೀವು ಹೋಗಿ. 18 ಆದಮೇಲೆ ಹೇಗೂ ಆಗಬೇಕಾದ್ದು ಅಷ್ಟರಲ್ಲಿ ರೂಢಿಯಾಗಿರುತ್ತದೆ.

ಒಂದು ಹಾಳೆ

ನಮ್ಮ ಮನೆಯಲ್ಲಿ ಹುಡುಗನ ಚೀಟಿಗಳೆಲ್ಲ ಒಂದು ಸ್ವೀಟ್ ಅಂಗಡಿಯ ಕವರಿನಲ್ಲಿ ಇದ್ದವು. ರಕ್ತಪರೀಕ್ಷೆಯ ರಿಪೋರ್ಟು, ಬಸ್ ಟಿಕೆಟ್ಟು, ಮೆಡಿಕಲ್ ಶಾಪಿನ ಬಿಲ್ಲು, ಮಂಜುನಾಥನ ಪ್ರಸಾದದ ಪೊಟ್ಟಣ ಎಲ್ಲ ಒಟ್ಟಿಗೆ. ಒಂದು ಭಾನುವಾರ ಅವನು, ನಾನು ಇಬ್ಬರೂ ಜಗಲಿಯ ಮೇಲೆ ಹರಡಿಕೊಂಡು ಕೂತು, ತಾರೀಖಿನ ಪ್ರಕಾರ ಜೋಡಿಸಿ ಫೈಲಿಗೆ ಹಾಕಿದೆವು. ಆಮೇಲೆ ಎಲ್ಲದರ ಸಾರವನ್ನು ಅವನ ಕೈಯಲ್ಲೇ ಒಂದು ಹಾಳೆಗೆ ಬರೆಸಿದೆ.

ಆ ಹಾಳೆಯಲ್ಲಿ ಇರಬೇಕಾದ್ದು: ಕಾಯಿಲೆಯ ಹೆಸರು, ಶುರುವಾದ ವರ್ಷ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ. ಹಿಂದೆ ಕೊಟ್ಟು ನಿಲ್ಲಿಸಿದ ಮಾತ್ರೆ, ಯಾಕೆ ನಿಲ್ಲಿಸಿದರು ಅನ್ನುವುದೂ ಬೇಕು (ನಮ್ಮ ಹುಡುಗನಿಗೆ ಒಂದು ಮಾತ್ರೆಯಿಂದ ಕೈಕಾಲು ಬಿಗಿಯುತ್ತಿತ್ತು, ಹೊಸ ಡಾಕ್ಟರಿಗೆ ಅದು ಗೊತ್ತಿಲ್ಲದಿದ್ದರೆ ಅದನ್ನೇ ಮತ್ತೆ ಬರೆಯಬಹುದಿತ್ತು). ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಯಾವಾಗ, ಎಷ್ಟು ದಿನ. ಬೇರೆ ಕಾಯಿಲೆ, ಅಲರ್ಜಿ. ತುರ್ತಿಗೆ ಇಬ್ಬರ ಫೋನ್ ನಂಬರು. ಅದರ ಫೋಟೋ ಅವನ ಮೊಬೈಲಿನಲ್ಲಿ, ನಿಮ್ಮ ಮೊಬೈಲಿನಲ್ಲಿ ಎರಡರಲ್ಲೂ ಇರಲಿ. ಮಾತ್ರೆ ಬದಲಾದಾಗಲೆಲ್ಲ ಹಾಳೆಯನ್ನು ಹೊಸದಾಗಿ ಬರೆಯಬೇಕು.

ಹಳೆಯ ದಾಖಲೆ ಕಳೆದಿದ್ದರೆ ಆಸ್ಪತ್ರೆಯಲ್ಲಿ ಕೇಳಿ ಪಡೆಯುವ ಹಕ್ಕು ರೋಗಿಗೆ ಇದೆ. ಓದಲು ಬೆಂಗಳೂರಿಗೋ ಮಂಗಳೂರಿಗೋ ಹೋಗುವ ಮಕ್ಕಳು ಹೊಸ ಊರಿನ ಡಾಕ್ಟರ ಮುಂದೆ ಕೂತಾಗ ಈ ಹಾಳೆಯ ಬೆಲೆ ಗೊತ್ತಾಗುತ್ತದೆ.

ಮಾತ್ರೆ ಡಬ್ಬಿ ಕೈ ಬದಲಾಗುವ ಬಗೆ

ತಾಯಂದಿರಿಗೆ ಕೊಡಲು ಮನಸ್ಸೇ ಬಾರದ ಜವಾಬ್ದಾರಿ ಇದು. ನಾವು ಮಾಡಿದ ಕ್ರಮ ಹೇಳುತ್ತೇನೆ. ಮೆಡಿಕಲ್ ಶಾಪಿನಲ್ಲಿ ವಾರದ ಏಳು ದಿನಕ್ಕೆ ಖಾನೆ ಇರುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಮೊದಲ ಎರಡು ತಿಂಗಳು ಭಾನುವಾರ ಸಂಜೆ ಅಮ್ಮ ತುಂಬಿಸುವುದು, ಅವನು ಪಕ್ಕದಲ್ಲಿ ಕೂತು ಮಾತ್ರೆಯ ಹೆಸರು ಓದುವುದು. ಮುಂದಿನ ಎರಡು ತಿಂಗಳು ಅವನು ತುಂಬಿಸುವುದು, ಅಮ್ಮ ನೋಡುವುದು. ಅದಾದಮೇಲೆ ಅವನೇ ತುಂಬಿಸಿ, ಅವನೇ ತೆಗೆದುಕೊಂಡು, ಮುಂದಿನ ಭಾನುವಾರ ಖಾಲಿ ಡಬ್ಬಿ ತೋರಿಸುವುದು. ದಿನಾ "ಮಾತ್ರೆ ತಗೊಂಡ್ಯಾ?" ಅನ್ನುವ ಪ್ರಶ್ನೆ ಮನೆಯಿಂದಲೇ ಹೋಯಿತು. ಆ ಪ್ರಶ್ನೆಯಿಂದ ಅವರಿಬ್ಬರ ನಡುವೆ ಎಷ್ಟು ಜಗಳ ಆಗುತ್ತಿತ್ತು ಅನ್ನುವುದು ಅದು ನಿಂತ ಮೇಲೆಯೇ ನಮಗೆ ತಿಳಿದದ್ದು.

ಒಂದು ಎಚ್ಚರಿಕೆ. ಸಾಯುವ ಮಾತಾಡುವ, ಹಿಂದೆ ಪ್ರಯತ್ನ ಮಾಡಿರುವ ಮಗುವಾದರೆ ಡಬ್ಬಿಯಲ್ಲಿ ವಾರದಷ್ಟು ಮಾತ್ರೆ ಇಡಬೇಡಿ. ಎರಡು ದಿನಕ್ಕಾಗುವಷ್ಟು ಇಟ್ಟು, ಉಳಿದದ್ದು ಬೀಗದೊಳಗೆ ಇರಲಿ. ಎಷ್ಟು ದಿನದ್ದು ಕೈಗೆ ಕೊಡಬಹುದು ಅಂತ ಡಾಕ್ಟರನ್ನು ಕೇಳಿಯೇ ನಿರ್ಧರಿಸಿ.

ಮಕ್ಕಳು ಮಾತ್ರೆ ಬಿಡುವುದು ಬಹಳ ಸಲ ಹಟದಿಂದಲ್ಲ. ತೂಕ ಏರುತ್ತದೆ, ಬೆಳಿಗ್ಗೆ ಏಳಲಾಗದಷ್ಟು ನಿದ್ದೆ, ಕೈ ನಡುಗುವುದು, ಹುಡುಗಿಯರಿಗೆ ಮುಟ್ಟು ಏರುಪೇರು. ಹೇಳಲು ನಾಚಿಕೆಪಟ್ಟು ಸುಮ್ಮನೆ ಬಾತ್‌ರೂಮಿನಲ್ಲಿ ಉಗುಳಿಬಿಡುತ್ತಾರೆ. "ಈ ಮಾತ್ರೆಯಿಂದ ನಿಂಗೆ ಏನು ಕಷ್ಟ ಆಗ್ತಿದೆ?" ಅಂತ ಕೇಳಿ, ಅವರೇ ಡಾಕ್ಟರಿಗೆ ಹೇಳುವಂತೆ ಮಾಡಿದರೆ ಬದಲಿ ದಾರಿ ಇದ್ದೇ ಇರುತ್ತದೆ. ಚೆನ್ನಾಗಿದ್ದೇನೆ ಅನ್ನಿಸಿತೆಂದು ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಲಿಥಿಯಂ (ಬೈಪೋಲಾರ್‌ಗೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಲೇಬೇಕು, ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವಾಗ ನೀರು ಚೆನ್ನಾಗಿ ಕುಡಿಯಬೇಕು, ಮೈಕೈ ನೋವಿಗೆ ತಾವೇ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು. ವಾಂತಿ, ಭೇದಿ, ಜೋರು ಕೈನಡುಕ, ನಡೆಯುವಾಗ ತೂರಾಡುವುದು ಕಂಡರೆ ಅದೇ ದಿನ ಆಸ್ಪತ್ರೆಗೆ. ಸೋಡಿಯಂ ವಾಲ್‌ಪ್ರೋಯೇಟ್ (ಇದೂ ಬೈಪೋಲಾರ್‌ಗೆ ಕೊಡುವ ಮಾತ್ರೆ) ತೆಗೆದುಕೊಳ್ಳುತ್ತಿರುವ ಹುಡುಗಿಗೆ ಮುಂದೆ ಗರ್ಭಿಣಿಯಾದರೆ ಮಗುವಿಗೆ ತೊಂದರೆಯಾಗಬಹುದು ಅನ್ನುವುದನ್ನು ಡಾಕ್ಟರ ಹತ್ತಿರ ಈಗಲೇ ಮಾತಾಡಿ. ಮದುವೆ ಗೊತ್ತಾದ ಮೇಲೆ ಕೇಳಿದರೆ ತಡ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು, ಕರೆಂಟು ನೆಟ್‌ವರ್ಕು ಎರಡೂ ಹೋಗಿ ಊರು ವಾರಗಟ್ಟಲೆ ತುಂಡಾಗುವುದು ಮೂಡಿಗೆರೆ, ಕಳಸ, ಸಕಲೇಶಪುರದವರಿಗೆ ಹೊಸದಲ್ಲ. ಜೂನ್ ಬರುವ ಮೊದಲೇ ಡಾಕ್ಟರಿಗೆ ಹೇಳಿ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲೂ ಅಷ್ಟೇ, ಕೆಲಸದ ಗಡಿಬಿಡಿಯಲ್ಲಿ ತಪ್ಪುವ ಮೊದಲ ವಿಷಯ ಆಸ್ಪತ್ರೆಯ ತಾರೀಖು.

ಎಲ್ಲಿಗೆ ಹೋಗಬೇಕು

ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎರಡೂ ಜಿಲ್ಲೆಗಳಲ್ಲಿದೆ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆಯನ್ನು ಸರ್ಕಾರ ಮಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನುವುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಕಾಯಿಲೆ ಹಿಡಿತಕ್ಕೆ ಬಾರದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಶಾಲೆಯ ಮೂಲಕ ಅಲ್ಲಿಗೆ ಹೋಗಿ ಒಬ್ಬ ಸಮಾಲೋಚಕರನ್ನು ನಂಬಿಕೊಂಡ ಮಗು 19 ದಾಟಿದಾಗ ಆ ಬಾಗಿಲು ಮುಚ್ಚಿದಂತೆ ಅನ್ನಿಸಿ ಚಿಕಿತ್ಸೆಯನ್ನೇ ಬಿಟ್ಟುಬಿಡಬಹುದು. ಹಾಗಾಗಿ ಅದೇ ಸಮಾಲೋಚಕರು ಇರುವಾಗಲೇ ಹೊಸ ಡಾಕ್ಟರ ಬಳಿ ಒಂದೆರಡು ಸಲ ಹೋಗಿಬನ್ನಿ. ದೊಡ್ಡ ಹುಡುಗರಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ನಿಮ್ಹಾನ್ಸ್ ಸೇರಿ ನಡೆಸುವ ಯುವ ಸ್ಪಂದನ ಎಂಬ ಸಮಾಲೋಚನಾ ಕೇಂದ್ರ ಇದೆ. ಜಿಲ್ಲಾ ಕ್ರೀಡಾಂಗಣದಲ್ಲಿ ವಿಚಾರಿಸಿ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಒಪ್ಪದ ಎಷ್ಟೋ ಹುಡುಗರು ಕ್ರೀಡಾಂಗಣಕ್ಕೆ ಹೋಗಲು ಒಪ್ಪುತ್ತಾರೆ.

ದೇವರು, ಶಾಸ್ತ್ರ ಕೇಳುವುದು ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಮನೆಯಲ್ಲೂ ಹರಕೆ ಕಟ್ಟಿದ್ದೇವೆ. ಮಾತ್ರೆ ನಿಲ್ಲಿಸು ಅನ್ನುವವರ, ಕಟ್ಟಿಹಾಕುವ, ಹೊಡೆಯುವ, ಬರೆ ಹಾಕುವವರ ಹತ್ತಿರ ಮಾತ್ರ ಕರೆದುಕೊಂಡು ಹೋಗಬೇಡಿ.

18 ತುಂಬಿದ ದಿನ ಕಾನೂನಿನಲ್ಲಿ ಏನು ಬದಲಾಗುತ್ತದೆ

ಇದನ್ನು ತಾಳ್ಮೆಯಿಂದ ಓದಿ. ಬಹಳ ಮನೆಗಳಲ್ಲಿ ಗೊಂದಲ, ಬೇಸರ ಎರಡೂ ಆಗುವುದು ಇಲ್ಲಿಯೇ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2018ರಲ್ಲಿ. ಇದರ ಪ್ರಕಾರ 18ರೊಳಗಿನ ಮಕ್ಕಳ ಪರವಾಗಿ ನಿರ್ಧಾರ ಮಾಡುವವರು ಪೋಷಕರು. 18 ಆದಮೇಲೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಕ್ಕು ಅವನದ್ದೇ, ತನ್ನ ಕಾಯಿಲೆಯ ವಿಷಯ ಗುಟ್ಟಾಗಿರಬೇಕು ಅನ್ನುವ ಹಕ್ಕೂ ಅವನದ್ದೇ. 17ರಲ್ಲಿ ಆಸ್ಪತ್ರೆಗೆ ದಾಖಲಾಗಿ ಒಳಗಿರುವಾಗಲೇ 18 ತುಂಬಿದರೆ ಅಂದಿನಿಂದ ಅವನನ್ನು ಸ್ವತಂತ್ರ ರೋಗಿ ಎಂದೇ ಪರಿಗಣಿಸಬೇಕು. "ಹೆತ್ತವರಿಗೇ ಹೇಳಲ್ವಾ?" ಅಂತ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವ ತಂದೆಯರನ್ನು ನೋಡಿದ್ದೇನೆ. ಸಂಕಟ ಅರ್ಥವಾಗುತ್ತದೆ, ಆದರೆ ಅದಕ್ಕೆ ಕಾನೂನಿನೊಳಗೇ ದಾರಿ ಇದೆ.

ಆ ದಾರಿಯ ಹೆಸರು ನಾಮನಿರ್ದೇಶಿತ ಪ್ರತಿನಿಧಿ. 18 ತುಂಬಿದ ಯಾರೇ ಆಗಲಿ, ತಾನು ನಂಬುವ ಒಬ್ಬ ವಯಸ್ಕರನ್ನು ತನ್ನ ಪ್ರತಿನಿಧಿಯಾಗಿ ಬರೆದುಕೊಡಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಆ ಪ್ರತಿನಿಧಿಯೂ ಒಪ್ಪಿಗೆ ಬರೆದುಕೊಡಬೇಕು. ಪ್ರತಿನಿಧಿಗೆ ತನ್ನ ಹೊಣೆ ನಿಭಾಯಿಸಲು ಬೇಕಾದ ಮಾಹಿತಿಯನ್ನು ಡಾಕ್ಟರು ಕೊಡಬಹುದು. ಮನಸ್ಸು ಬದಲಾದರೆ ಅವನು ಬೇರೆಯವರನ್ನು ನೇಮಿಸಬಹುದು. ನಮ್ಮ ಹುಡುಗ ಅಪ್ಪನನ್ನೂ ಅಮ್ಮನನ್ನೂ ಬಿಟ್ಟು ನನ್ನ ಹೆಸರು ಬರೆದ. ತಮ್ಮನಿಗೆ ನೋವಾಯಿತು, ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಿಮ್ಮಲ್ಲೂ ಹಾಗಾದರೆ ತಡೆಯಬೇಡಿ. ಯಾರನ್ನು ಆರಿಸುತ್ತಾನೆ ಅನ್ನುವುದಕ್ಕಿಂತ, ಮನಸ್ಸು ತಿಳಿಯಾಗಿರುವಾಗ ಒಬ್ಬರನ್ನು ಆರಿಸಿದ ಅನ್ನುವುದು ದೊಡ್ಡದು.

ಇದರ ಜೊತೆಗೇ ಮುಂಗಡ ನಿರ್ದೇಶನ ಅಂತ ಇನ್ನೊಂದಿದೆ: ಮುಂದೆ ಕಾಯಿಲೆ ಜೋರಾಗಿ ತನಗೆ ನಿರ್ಧಾರ ಮಾಡಲಾಗದಿದ್ದರೆ ಯಾವ ರೀತಿಯ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ಒಪ್ಪದ ಸ್ಥಿತಿಯಲ್ಲಿ ದಾಖಲು ಮಾಡಲೇಬೇಕಾದ ಸಂದರ್ಭ ಬಂದರೆ, ಪ್ರತಿನಿಧಿಯ ಅರ್ಜಿ ಮತ್ತು ಇಬ್ಬರು ತಜ್ಞರ ಪ್ರತ್ಯೇಕ ಪರೀಕ್ಷೆಯ ಮೇಲೆ, ಮೊದಲ ಹಂತದಲ್ಲಿ 30 ದಿನದ ಮಿತಿಯೊಳಗೆ ದಾಖಲು ಮಾಡಿಕೊಳ್ಳಲು ಅವಕಾಶ ಇದೆ. ಸರಪಳಿಯಲ್ಲಿ ಕಟ್ಟುವುದನ್ನು ಕಾನೂನು ನಿಷೇಧಿಸಿದೆ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷೆ ಕೊಡುವಂತಿಲ್ಲ ಅಂತಲೂ ಇದೇ ಕಾಯ್ದೆ ಹೇಳುತ್ತದೆ. ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ತಡಮಾಡಬೇಡಿ.

ಬ್ಯಾಂಕಿನಲ್ಲಿ ಮೈನರ್ ಖಾತೆಯನ್ನು ಬದಲಾಯಿಸುವುದು, ಮತದಾರರ ಪಟ್ಟಿ, ಪ್ಯಾನ್ ಕಾರ್ಡ್ ಇವಕ್ಕೆಲ್ಲ ಅವನನ್ನೇ ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಿ. ಬೈಪೋಲಾರ್ ಇದ್ದು, ಹುಮ್ಮಸ್ಸು ಏರಿದಾಗ ದುಡ್ಡು ಸುರಿಯುವ ಅಭ್ಯಾಸವಿದ್ದರೆ, ದೊಡ್ಡ ಮೊತ್ತ ಬೇರೆ ಖಾತೆಯಲ್ಲಿ, ಖರ್ಚಿನ ದುಡ್ಡು ಮಾತ್ರ ಮೊಬೈಲಿನ ಯುಪಿಐ ಖಾತೆಯಲ್ಲಿ ಇರಲಿ. ಇದನ್ನು ಅವನ ಜೊತೆ ಕೂತು ಒಪ್ಪಿಸಿ ಮಾಡಿ, ಕದ್ದುಮುಚ್ಚಿ ಬೇಡ.

ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ)

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅಂಗವೈಕಲ್ಯದ ಪ್ರಮಾಣ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂತ ಬಂದರೆ ಉನ್ನತ ಶಿಕ್ಷಣದಲ್ಲಿ ಶೇ. 5, ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿಯ ಒಳಗೆ ಪಾಲು, ಮಾಸಾಶನ, ಬಸ್ ಪಾಸ್ ಮುಂತಾದವಕ್ಕೆ ಅರ್ಜಿ ಹಾಕಬಹುದು. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ಮನೋವೈದ್ಯರ ಪರೀಕ್ಷೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ಹಾಕಿಸುವುದು ಅವರ ಕೆಲಸದ ಭಾಗವೇ.

"ಮೆಂಟಲ್ ಅಂತ ಸರ್ಟಿಫಿಕೇಟು ಮಾಡಿಸಿದ್ರೆ ನಾಳೆ ಹೆಣ್ಣು ಯಾರು ಕೊಡ್ತಾರೆ" ಅನ್ನುವ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಕಾರ್ಡು ಮಾಡಿಸಿದ ಮಾತ್ರಕ್ಕೆ ಎಲ್ಲರಿಗೂ ತೋರಿಸಬೇಕಾಗಿಲ್ಲ. ಬೇಕಾದ ಕಡೆ ಮಾತ್ರ ಬಳಸುವುದು. ಆದರೂ ಹುಡುಗನಿಗೇ ಬೇಡ ಅನ್ನಿಸಿದರೆ ಒತ್ತಾಯ ಮಾಡಬೇಡಿ. ಕಾರ್ಡು ಮುಂದೆಯೂ ಮಾಡಿಸಬಹುದು, ಅವಮಾನ ಆಯಿತು ಅನ್ನಿಸಿದ್ದನ್ನು ಸರಿಮಾಡುವುದು ಕಷ್ಟ.

ಕಾಲೇಜು, ಕೆಲಸ

ನಮ್ಮ ಹುಡುಗ ಮೊದಲು ಸೇರಿದ್ದ ಕಾಲೇಜಿನಲ್ಲಿ ಹಾಜರಾತಿ ಕಡಿಮೆ ಅಂತ ಪರೀಕ್ಷೆಗೆ ಕೂರಿಸಲಿಲ್ಲ. ಆರು ವಾರ ಅವನು ಹಾಸಿಗೆಯಿಂದ ಎದ್ದಿರಲಿಲ್ಲ. ನಾವು ಅದನ್ನು "ಜಾಂಡೀಸ್" ಅಂತ ಬರೆದುಕೊಟ್ಟಿದ್ದೆವು, ಅದಕ್ಕೆ ಚೀಟಿ ಕೇಳಿದಾಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಉಪನ್ಯಾಸಕಿಯಾಗಿ ಇದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ. ನಂಬಿಕೆಯ ಒಬ್ಬ ಉಪನ್ಯಾಸಕರಿಗೆ, ಪ್ರಿನ್ಸಿಪಾಲರಿಗೆ, ಮಗನ ಒಪ್ಪಿಗೆ ಪಡೆದು, ವರ್ಷದ ಆರಂಭದಲ್ಲೇ ನಿಜ ಹೇಳಿ. ಡಾಕ್ಟರ ಪತ್ರ ಕೊಡಿ. ಎಲ್ಲ ವಿವರ ಬೇಕಾಗಿಲ್ಲ, "ದೀರ್ಘಕಾಲದ ಚಿಕಿತ್ಸೆಯಲ್ಲಿದ್ದಾರೆ, ಆಗಾಗ ರಜೆ ಬೇಕಾಗಬಹುದು" ಅಂದರೆ ಸಾಕು. ಶೇ. 40 ಅಥವಾ ಹೆಚ್ಚಿನ ಪ್ರಮಾಣಪತ್ರ ಇದ್ದವರು ಬರವಣಿಗೆಯ ತೊಂದರೆ ಇದ್ದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೇಳಲು ಕೇಂದ್ರದ ಮಾರ್ಗಸೂಚಿಯಲ್ಲಿ ದಾರಿ ಇದೆ. ಬೇಕಾದರೆ ಪರೀಕ್ಷೆಗೆ ಬಹಳ ಮೊದಲೇ ಅರ್ಜಿ ಕೊಡಿ.

ರಾತ್ರಿಯಿಡೀ ಓದುವುದನ್ನು ಹೊಗಳಬೇಡಿ. ನಿದ್ದೆಗೆಟ್ಟರೆ ಬೈಪೋಲಾರ್ ಇರುವವರಿಗೆ ಉನ್ಮಾದ ಏರಬಹುದು. ಅದೇ ಕಾರಣಕ್ಕೆ ಮೊದಲ ಕೆಲಸವೇ ನೈಟ್ ಶಿಫ್ಟ್ ಆಗುವುದೂ ಬೇಡ. ಹಾಸ್ಟೆಲಿಗೆ ಹೋಗುವ ಮಕ್ಕಳ ಹತ್ತಿರ ಗಾಂಜಾ ವಿಷಯ ಬಾಯಿಬಿಟ್ಟು ಮಾತಾಡಿ: ಮನಸ್ಸಿನ ಕಾಯಿಲೆಗೆ ತುತ್ತಾಗುವ ಗುಣ ಇರುವವರಲ್ಲಿ ಅದು ಭ್ರಮೆ, ಸಂಶಯಗಳನ್ನು ಕೆರಳಿಸಬಹುದು.

ಕೆಲಸದ ವಿಷಯದಲ್ಲಿ ನಮ್ಮ ಅನುಭವ: ಅರ್ಧ ದಿನದಿಂದ ಶುರುಮಾಡಿ. ಅವನು ಮೊದಲು ಒಂದು ಜೆರಾಕ್ಸ್ ಅಂಗಡಿಯಲ್ಲಿ ಬೆಳಿಗ್ಗೆ ಹತ್ತರಿಂದ ಒಂದೂವರೆವರೆಗೆ ನಿಲ್ಲುತ್ತಿದ್ದ. ಸಂಬಳ ಬಸ್ಸಿಗೂ ಸಾಲುತ್ತಿರಲಿಲ್ಲ. ಆದರೆ ಸ್ನಾನ ಮಾಡಿ, ಶರ್ಟು ಇಸ್ತ್ರಿ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಹೊರಡಲು ಒಂದು ಕಾರಣ ಸಿಕ್ಕಿತು. ಸ್ವಂತ ಕೆಲಸದ ಆಸೆ ಇದ್ದವರಿಗೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿಯೊಂದಿಗೆ ಉಚಿತ ತರಬೇತಿ, 18 ತುಂಬಿರಬೇಕು.

ಮದುವೆ

"ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ." ದಯವಿಟ್ಟು ಈ ಮಾತು ಕೇಳಬೇಡಿ. ಮದುವೆಯಿಂದ ಕಾಯಿಲೆ ವಾಸಿಯಾಗುವುದಿಲ್ಲ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ, ಆರು ತಿಂಗಳಲ್ಲಿ ಮಾತ್ರೆ ತಪ್ಪಿ, ಕಾಯಿಲೆ ಎದ್ದು, ಎರಡು ಮನೆಗಳೂ ಕೋರ್ಟಿನ ಮೆಟ್ಟಿಲು ಹತ್ತುತ್ತವೆ. ಅದರ ಹೊಡೆತ ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ಹಾಗಂತ ಮದುವೆಯೇ ಆಗಬಾರದು ಅಂತಲ್ಲ. ಒಂದೆರಡು ವರ್ಷ ಸ್ಥಿರವಾಗಿದ್ದು, ಅವರಿಗೇ ಇಷ್ಟವಿದ್ದು, ಎದುರಿನವರಿಗೆ ಎಲ್ಲ ತಿಳಿಸಿ ಆದ ಮದುವೆಗಳು ಚೆನ್ನಾಗಿ ನಡೆದಿರುವುದನ್ನು ನೋಡಿದ್ದೇನೆ.

ಮತ್ತೆ ಹದಗೆಟ್ಟರೆ

ಹದಗೆಡುವ ಮೊದಲು ಪ್ರತಿಯೊಬ್ಬರಲ್ಲೂ ತಮ್ಮದೇ ಆದ ಗುರುತುಗಳು ಕಾಣಿಸಿಕೊಳ್ಳುತ್ತವೆ. ನಮ್ಮ ಹುಡುಗನದ್ದು: ಎರಡು ರಾತ್ರಿ ನಿದ್ದೆ ಇಲ್ಲ, ಮೊಬೈಲನ್ನು ಕವುಚಿ ಇಡುತ್ತಾನೆ, ನಾಯಿಗೆ ಅನ್ನ ಹಾಕುವುದನ್ನು ಮರೆಯುತ್ತಾನೆ. ಕೊನೆಯದನ್ನು ಗುರುತಿಸಿದ್ದು ಅವನೇ. ಚೆನ್ನಾಗಿರುವ ದಿನ ಕೂತು ಈ ಪಟ್ಟಿ ಮಾಡಿ, ಗೋಡೆ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿ. ಎರಡು ಗುರುತು ಕಂಡರೆ ಯಾರು ಅವನಿಗೆ ಹೇಳಬೇಕು, ಹೇಗೆ ಹೇಳಬೇಕು ಅನ್ನುವುದನ್ನೂ ಅವನೇ ಬರೆಯಲಿ. ನಮ್ಮಲ್ಲಿ ಬರೆದದ್ದು: "ಅತ್ತೆ ಫೋನ್ ಮಾಡಲಿ. ಅಪ್ಪ ಕೂಗಾಡಬಾರದು."

ಸಾಯುವ ಯೋಚನೆ ಇದೆಯೇ ಅಂತ ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಒಳಗೇ ಕುದಿಯುತ್ತಿದ್ದದ್ದು ಹೊರಗೆ ಬರಲು ದಾರಿಯಾಗುತ್ತದೆ. ತೋಟ, ಹೊಲದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕದ ಡಬ್ಬಿಗಳು ಜಗಲಿಯಲ್ಲೇ ಬಿದ್ದಿರುತ್ತವೆ. ಅವಕ್ಕೆ ಬೀಗ, ಕೀ ಮನೆಯ ಹೊರಗಿನ ಒಬ್ಬರ ಹತ್ತಿರ. ಸಾಧ್ಯವಾದರೆ ಬೇಕಾದಾಗ ಬೇಕಾದಷ್ಟೇ ತನ್ನಿ. ಲೈಸೆನ್ಸಿನ ಕೋವಿ ಇದ್ದರೆ ಮನೆಯಿಂದ ಹೊರಗಿಡುವ ವ್ಯವಸ್ಥೆಯನ್ನು ಪೊಲೀಸ್ ಠಾಣೆಯಲ್ಲಿ ಕೇಳಿ ಮಾಡಿಕೊಳ್ಳಿ. ಆ ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದ್ದು. ಕೈಗೆ ಎಟುಕದಂತೆ ಮಾಡಿದ್ದರಿಂದಲೇ ಉಳಿದ ಮಕ್ಕಳಿದ್ದಾರೆ.

ಬಾಲಮಂದಿರದಿಂದ ಹೊರಬರುವ ಮಕ್ಕಳು

ಇವರ ಪರವಾಗಿ ಜಗಲಿಯಲ್ಲಿ ಫೈಲು ಜೋಡಿಸಲು ಯಾರೂ ಇರುವುದಿಲ್ಲ, ಹಾಗಾಗಿ ಬೇರೆಯಾಗಿ ಬರೆಯುತ್ತಿದ್ದೇನೆ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ 18 ತುಂಬಿ ಹೊರಬಂದವರಿಗೆ 21 ವರ್ಷದವರೆಗೆ ಮುಂದಿನ ಆರೈಕೆಯ ನೆರವು ಕೊಡಲು ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ನೀವು ಶಿಕ್ಷಕರೋ, ವಾರ್ಡನ್ನೋ, ಅಂಥ ಮಗುವಿಗೆ ಕೆಲಸ ಕೊಟ್ಟವರೋ ಆಗಿದ್ದರೆ, 17ರಲ್ಲೇ ಅವರ ಚಿಕಿತ್ಸೆಯ ದಾಖಲೆ, ಆಧಾರ್, ಬ್ಯಾಂಕ್ ಪುಸ್ತಕ ಮೂರೂ ಅವರ ಕೈಗೆ ಸೇರುವಂತೆ ನೋಡಿಕೊಳ್ಳಿ. ಹೊರಬಂದ ಮೊದಲ ತಿಂಗಳ ಆಸ್ಪತ್ರೆ ತಾರೀಖಿಗೆ ಒಬ್ಬರು ಜೊತೆಗೆ ಹೋಗಿ.

ಒಬ್ಬನೇ ಬಸ್ಸಿನಲ್ಲಿ

ಆಸ್ಪತ್ರೆಗೆ ಒಬ್ಬನೇ ಹೋಗಿಬರುವುದನ್ನು ಕೊನೆಗೆ ಇಟ್ಟುಕೊಳ್ಳಿ. ಸಕಲೇಶಪುರದಿಂದ ಹಾಸನ ಸುಮಾರು 40 ಕಿಲೋಮೀಟರು. ಮೊದಲ ಮೂರು ಸಲ ಅಮ್ಮ ಅದೇ ಬಸ್ಸಿನಲ್ಲಿ, ಬೇರೆ ಸೀಟಿನಲ್ಲಿ (ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ ಖರ್ಚು ಇರಲಿಲ್ಲ). ಆಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿದ್ದೆ. ಅದೂ ಆದಮೇಲೆ ಫೋನ್ ಮಾತ್ರ. ಒಂದು ಸಲ ಚೀಟಿ ಮಾಡಿಸುವ ಸಾಲಿನಲ್ಲಿ ಗಾಬರಿಯಾಗಿ ವಾಪಸ್ ಬಸ್ ಹತ್ತಿಬಿಟ್ಟ. ಬೈಯಲಿಲ್ಲ. ಮುಂದಿನ ವಾರ ಮತ್ತೆ ಇಬ್ಬರೂ ಹೋದೆವು, ಸಾಲು ಚಿಕ್ಕದಿರುವ ಹೊತ್ತು ಯಾವುದು ಅಂತ ಕೌಂಟರಿನವರನ್ನೇ ಕೇಳಿ ಬರೆದುಕೊಂಡ.

ತಾಯಿತಂದೆ ತಮ್ಮ ಬಿಪಿ, ಶುಗರ್ ಪರೀಕ್ಷೆಯನ್ನು ಅದೇ ದಿನ ಮಾಡಿಸಿಕೊಳ್ಳಿ. ನಿಮಗೆ ಏನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಯೋಚನೆ ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ, ಆ ಎರಡನೇ ವ್ಯಕ್ತಿ ಯಾರು ಅನ್ನುವುದನ್ನು ಈ ವರ್ಷವೇ ಅಕ್ಕನ ಜೊತೆಗೋ, ಚಿಕ್ಕಪ್ಪನ ಮಗನ ಜೊತೆಗೋ, ನಿಮ್ಮ ಮಗನನ್ನೂ ಕೂರಿಸಿಕೊಂಡು ಮಾತಾಡಿ, ಅವರ ಫೋನ್ ನಂಬರನ್ನು ಆ ಒಂದು ಹಾಳೆಯ ಕೆಳಗೆ ಬರೆಸಿ.